ಬಾಗಿಲ ಹಿಡಿಯೂ ಬೀದರದ ಲೋಹವೂ

ಮನೆಯನ್ನು ಕಟ್ಟಿಸುವಾಗ ಕಲ್ಲು, ಮರ, ಗಾರೆಗಳ ವಿಷಯವಾಗಿ ನಾವು ಹತ್ತು ಜನರನ್ನು ವಿಚಾರಿಸುತ್ತೇವೆ. ಬಾಗಿಲ ಹಿಡಿಯ ಸರದಿ ಬಂದಾಗ ಮಾತ್ರ, ಅಂಗಡಿಯಲ್ಲಿ ಯಾವುದು ಹೆಚ್ಚು ಹೊಳೆಯುವುದೋ ಅದರ ಕಡೆಗೆ ಬೆರಳು ತೋರಿಸಿ ಹೊರಟುಬಿಡುತ್ತೇವೆ. ಆದರೆ ಮನೆಯವರ ಕೈ ದಿನವೂ ತಪ್ಪದೆ ಮುಟ್ಟುವ ವಸ್ತು ಅದೇ ಅಲ್ಲವೆ?

ನಾನೂ ಹಾಗೆ ಮಾಡಿದವನೇ. ಕನ್ನಡಿಯಂತೆ ಥಳಥಳಿಸುವ ಹಿಡಿಗಳನ್ನು ತಂದು ಬಾಗಿಲುಗಳಿಗೂ ಕಪಾಟುಗಳಿಗೂ ಹಾಕಿಸಿದೆನು. ಮೂರು ಮಳೆಗಾಲ ಕಳೆಯುವಷ್ಟರಲ್ಲಿ ಅವುಗಳ ಮೈಮೇಲೆ ಬೊಕ್ಕೆಗಳೆದ್ದುವು. ಹೊಳಪು ಸಿಪ್ಪೆಯಾಗಿ ಉದುರಿತು. ಒಳಗಿನಿಂದ ಬೂದು ಬಣ್ಣದ ಲೋಹವು ಇಣುಕಿತು. ಭಾಲ್ಕಿಯಲ್ಲಿ ನಮ್ಮ ಅಜ್ಜಿಯ ಮನೆಯ ಮುಂಬಾಗಿಲಿಗಿದ್ದ ಹಿತ್ತಾಳೆಯ ಬಳೆಯಾದರೋ, ಮೂರು ತಲೆಮಾರಿನ ಕೈಗಳಲ್ಲಿ ಸವೆದು ಇನ್ನೂ ನುಣುಪಾಗಿತ್ತೇ ಹೊರತು ಕೆಟ್ಟಿರಲಿಲ್ಲ.

ಸಿಪ್ಪೆಯ ಕೆಳಗೆ ಕಂಡ ಆ ಬೂದು ಲೋಹವು ಬಹುಮಟ್ಟಿಗೆ ಸತು. ಬೀದರದವರಿಗೆ ಸತು ಹೊಸದಲ್ಲ. ಈ ಊರಿನ ಹೆಸರನ್ನೇ ಹೊತ್ತಿರುವ ಬಿದರಿ ಸಾಮಾನಿನ ಒಡಲೂ ಸತುವೇ. ಹೀಗಿರಲು, ಒಂದೇ ಲೋಹವು ಒಂದು ಕಡೆ ಶತಮಾನಗಳನ್ನು ದಾಟಿ ಬಂದುದೇಕೆ, ಇನ್ನೊಂದು ಕಡೆ ಮೂರು ವರ್ಷಕ್ಕೇ ಸೋತುದೇಕೆ? ಈ ಪ್ರಶ್ನೆಗೆ ಉತ್ತರ ದೊರೆತರೆ ಹಿಡಿಯನ್ನು ಆರಿಸುವ ವಿವೇಕವೂ ದೊರೆತಂತೆಯೇ ಸರಿ.

ಹದಿನೈದನೆಯ ಶತಮಾನದಲ್ಲಿ ಬಹಮನಿ ಸುಲ್ತಾನರು ತಮ್ಮ ರಾಜಧಾನಿಯನ್ನು ಕಲಬುರಗಿಯಿಂದ ಬೀದರಕ್ಕೆ ತಂದರು. ಅವರ ಆಸ್ಥಾನಕ್ಕೆ ಪರ್ಷಿಯಾದಿಂದ ವಿದ್ವಾಂಸರೂ ಕುಶಲಕರ್ಮಿಗಳೂ ಬಂದು ನೆಲೆಸಿದರು. ಮಹಮೂದ್ ಗವಾನನು 1472ರಲ್ಲಿ ಕಟ್ಟಿಸಿದ ಮದರಸವು ಆ ಸಂಪರ್ಕಕ್ಕೆ ಇಂದಿಗೂ ನಿಂತಿರುವ ಸಾಕ್ಷಿ. ಮುಂದೆ ಬರೀದಶಾಹಿಗಳ ಕಾಲದಲ್ಲಿ, ಕೋಟೆಯೊಳಗಿನ ರಂಗೀನ್ ಮಹಲಿನ ಕರಿಯ ಕಲ್ಲಿನಲ್ಲಿ ಮುತ್ತಿನ ಚಿಪ್ಪನ್ನು ಕೂಡಿಸಿದರು. ಕಪ್ಪು ನೆಲದ ಮೇಲೆ ಬಿಳಿಯ ಬಳ್ಳಿ: ಕಲ್ಲಿನಲ್ಲಿ ಕಾಣುವ ಆ ಅಭಿರುಚಿಯೇ ಲೋಹದಲ್ಲಿ ಬಿದರಿಯಾಗಿ ಕಾಣುತ್ತದೆ.

ಬಿದರಿಯನ್ನು ಮಾಡುವ ಕ್ರಮವು ಹೀಗಿದೆ. ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರವೆಂಬುದು ರೂಢಿಯ ಲೆಕ್ಕ. ಇವೆರಡನ್ನೂ ಕರಗಿಸಿ ಮಣ್ಣಿನ ಅಚ್ಚಿನಲ್ಲಿ ಎರೆಯುತ್ತಾರೆ. ಅರದಿಂದ ನಯಗೊಳಿಸಿ, ಮೈಲುತುತ್ತದ ನೀರನ್ನು ಸವರಿ, ತಾತ್ಕಾಲಿಕವಾಗಿ ಕಪ್ಪಾದ ಮೈಯ ಮೇಲೆ ಚಿತ್ತಾರವನ್ನು ಗೀಚುತ್ತಾರೆ. ಉಕ್ಕಿನ ಉಳಿಗಳಿಂದ ಆ ಗೆರೆಗಳನ್ನು ಕೊರೆದು, ಕೊರೆದ ಕಾಲುವೆಯಲ್ಲಿ ಬೆಳ್ಳಿಯ ತಂತಿಯನ್ನೋ ತಗಡನ್ನೋ ಸುತ್ತಿಗೆಯಿಂದ ಬಡಿದು ಕೂರಿಸುತ್ತಾರೆ. ಕಡೆಯಲ್ಲಿ, ಮಳೆಬಿಸಿಲು ತಾಗದ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಡನೆ ಕಲಸಿ, ಸ್ವಲ್ಪ ಬಿಸಿ ಮಾಡಿದ ಪಾತ್ರೆಗೆ ಉಜ್ಜಿದರೆ ಸತುವಿನ ಮೈ ಕಡುಗಪ್ಪಾಗುತ್ತದೆ. ಬೆಳ್ಳಿಯ ಬಿಳುಪು ಹಾಗೆಯೇ ಉಳಿಯುತ್ತದೆ.

ಶ್ರೋತೃಗಳು ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಆ ಕಪ್ಪು ಬಳಿದ ಬಣ್ಣವಲ್ಲ. ಮೇಲ್ಮೈಯ ಲೋಹವೇ ಮಾರ್ಪಟ್ಟು ಆದ ಬಣ್ಣ. ಬೆಳ್ಳಿಯೂ ಮೇಲೆ ಅಂಟಿಸಿದುದಲ್ಲ, ಒಡಲೊಳಗೆ ಕಚ್ಚಿಕೊಂಡಿರುವುದು. ಅಂಗಡಿಯ ಹಿಡಿಯ ಕಥೆ ಬೇರೆ. ಅಗ್ಗದ ಹಿಡಿಗಳಲ್ಲಿ ಬಹಳಷ್ಟು, ಸತುವಿಗೆ ನೂರಕ್ಕೆ ನಾಲ್ಕರಷ್ಟು ಅಲ್ಯೂಮಿನಿಯಂ ಬೆರೆಸಿ ಎರಕ ಹೊಯ್ದವು. ಅವುಗಳ ಮೇಲೆ ನಿಕಲ್ ಮತ್ತು ಕ್ರೋಮಿಯಂಗಳ ತೆಳುವಾದ ಮುಲಾಮು ಇರುತ್ತದೆ. ಮುಲಾಮಿನಲ್ಲಿ ಸೂಜಿಮೊನೆಯಷ್ಟು ರಂಧ್ರವಾದರೂ ಸಾಕು. ತೇವವೂ ಬೆವರೂ ಒಳಹೊಕ್ಕು ಸತುವನ್ನು ತಿನ್ನತೊಡಗುತ್ತವೆ, ಸಿಪ್ಪೆ ಏಳುತ್ತದೆ. ಅದೇ ಕ್ರೋಮಿಯಂ ಉಕ್ಕಿನ ಒಡಲಲ್ಲೇ ಬೆರೆತಾಗ ತುಕ್ಕು ಹಿಡಿಯದ ಉಕ್ಕು ಆಗುವುದು. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ ಎಂಬುವರು 1913ರಲ್ಲಿ ಇಂಥ ಉಕ್ಕನ್ನು ಸಿದ್ಧಗೊಳಿಸಿದರು. ಅದರ ಮೈ ಗೀರಿದರೂ, ಗೀರಿನ ಕೆಳಗಿರುವುದು ಅದೇ ಉಕ್ಕು. ಅದು ಗಾಳಿ ತಾಗಿದೊಡನೆ ತನ್ನ ರಕ್ಷಣೆಯ ಪೊರೆಯನ್ನು ತಾನೇ ಮತ್ತೆ ಕಟ್ಟಿಕೊಳ್ಳುತ್ತದೆ.

ಅಜ್ಜಿಯ ಮನೆಯ ಹಿತ್ತಾಳೆಯಲ್ಲಿ ಇದ್ದುದೂ ಬಿದರಿಯ ಎರಡೇ ಲೋಹಗಳು. ಪ್ರಮಾಣ ಮಾತ್ರ ತಿರುಗುಮುರುಗು. ಸುಮಾರು ಎರಡು ಪಾಲು ತಾಮ್ರ, ಒಂದು ಪಾಲು ಸತು. ಇದು ಎಳೆತಕ್ಕೂ ಪೆಟ್ಟಿಗೂ ಬಗ್ಗದು, ಸವೆದಷ್ಟೂ ಒಳಗೆ ಹಿತ್ತಾಳೆಯೇ. ಬಹುಪಾಲು ತಾಮ್ರವುಳ್ಳ ಲೋಹಗಳ ಮೇಲೆ ರೋಗಾಣುಗಳು ಬಹುಕಾಲ ಬದುಕಲಾರವೆಂಬುದನ್ನು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು 2008ರಲ್ಲಿ ಅಧಿಕೃತವಾಗಿ ಒಪ್ಪಿತು.

ಹಾಗಾದರೆ ಬಾಗಿಲಿಗೆ ಬಿದರಿಯ ಹಿಡಿಯನ್ನೇ ಹಾಕಿಸಬಹುದಲ್ಲವೆ? ಈ ಆಸೆಯಿಂದ ನಾನು ನಮ್ಮ ಊರಿನ ವೃದ್ಧ ಕುಶಲಕರ್ಮಿಯೊಬ್ಬರನ್ನು ಕೇಳಿದೆನು. ಅವರು ಕೈಯಲ್ಲಿದ್ದ ಉಳಿಯನ್ನು ಕೆಳಗಿಟ್ಟು, "ಮುಂಬಾಗಿಲಿಗೆ ಬ್ಯಾಡ್ರಿ ಸಾಹೇಬ್ರ, ಇದು ಬಿದ್ರ ಒಡೀತದ, ದಿನಾ ಬೆವರಗೈ ಹತ್ತಿದ್ರ ಕರೀ ಬಣ್ಣ ಮಾಸ್ತದ. ಪುಸ್ತಕದ ಕಪಾಟಿಗೆ ಹಾಕ್ಸ್ರಿ" ಎಂದರು. ಒಂದು ಡಜನ್ ಹಿಡಿಗಳ ಬೇಡಿಕೆ ಬಂದಿದ್ದರೂ ಅವರು ಎರಡನ್ನೇ ಒಪ್ಪಿಕೊಂಡರು.

ಬಿದರಿ ಕಲೆಗೆ 2006ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. 2023ರಲ್ಲಿ ಬೀದರದ ಶಾ ರಶೀದ್ ಅಹಮದ್ ಖಾದ್ರಿಯವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು. ಮಾನ್ಯತೆಗಳು ಸಂತೋಷದ ವಿಷಯವೇ. ಆದರೆ ಕಸುಬು ಉಳಿಯಬೇಕಾದರೆ ಕೊಳ್ಳುವವನಿಗೂ ವಸ್ತುವಿನ ಗುಣ ತಿಳಿದಿರಬೇಕು. ತಪ್ಪು ಜಾಗದಲ್ಲಿ ಹಾಕಿಸಿಕೊಂಡು ಕೆಟ್ಟಿತೆಂದು ದೂರುವ ಗಿರಾಕಿಯಿಂದ ಕಸುಬಿನ ಹೆಸರೇ ಕೆಡುತ್ತದೆ.

ಆದುದರಿಂದ ಹಿಡಿಯನ್ನು ಕೊಳ್ಳುವಾಗ ಕೈಯಲ್ಲಿ ಹಿಡಿದು ತೂಕವನ್ನು ನೋಡಿರಿ. ಹೊರಗಿನ ಲೋಹವೇ ಒಳಗೂ ಇದೆಯೆ ಎಂದು ಕೇಳಿರಿ. ಮುಂಬಾಗಿಲಿಗೆ ಗಟ್ಟಿ ಹಿತ್ತಾಳೆ, ನೀರು ತಾಗುವ ಅಡಿಗೆಮನೆಗೂ ಬಚ್ಚಲಿಗೂ ತುಕ್ಕು ಹಿಡಿಯದ ಉಕ್ಕು, ಅಪರೂಪಕ್ಕೆ ತೆರೆಯುವ ಕಪಾಟಿಗೆ ಬಿದರಿ. ಹಿತ್ತಾಳೆಗೆ ಹಬ್ಬಕ್ಕೊಮ್ಮೆ ಹುಣಿಸೆಹಣ್ಣು ಸಾಕು. ಬಿದರಿಗೆ ಮಾತ್ರ ಹುಳಿಯನ್ನು ತೋರಿಸಲೇಬೇಡಿರಿ. ಮೆತ್ತನೆಯ ಬಟ್ಟೆಯಲ್ಲಿ ಒಂದು ತೊಟ್ಟು ಕೊಬ್ಬರಿ ಎಣ್ಣೆಯನ್ನು ಸವರಿದರೆ ಅದರ ಕಪ್ಪು ಮತ್ತೆ ತಿಳಿಯಾಗುವುದು.

ನಮ್ಮ ಮನೆಯ ಪುಸ್ತಕದ ಕಪಾಟಿನಲ್ಲಿ ಈಗ ಆ ಎರಡು ಹಿಡಿಗಳಿವೆ. ಮುಂಬಾಗಿಲಿಗೆ ಭಾಲ್ಕಿಯ ಹಳೆಯ ಬಳೆಯನ್ನೇ ತಂದು ಹಾಕಿಸಿದ್ದೇನೆ.