ಬಟ್ಟೆಯ ಅಂಚು

ಬ್ಯಾಂಕಿನ ಖಾತೆ ಪುಸ್ತಕಗಳಲ್ಲಿ ದಿನ ಕಳೆಯುವ ನಮಗೆ ಹೊಲಿಗೆಯ ಮಾತೇಕೆ ಎಂದು ವಾಚಕರು ನಗಬಹುದು. ನಗಲಿ, ಆದರೆ ಈ ಪಾಠಕ್ಕೆ ನಾವು ಒಂದು ಸೀರೆಯ ಬೆಲೆ ತೆತ್ತಿದ್ದೇವೆ.

ವಿಶಾಖಪಟ್ಟಣದ ಕನ್ನಡಿಗರಿಗೆ ಸಿಂಹಾಚಲವು ಪರಸ್ಥಳವೆಂದು ಅನ್ನಿಸುವುದಿಲ್ಲ. ಕೃಷ್ಣದೇವರಾಯನು 1516ರಲ್ಲಿ ಕಾಣಿಕೆಯೊಪ್ಪಿಸಿ ಶಾಸನ ಹಾಕಿಸಿದ ಬೆಟ್ಟವದು. ವರ್ಷವೆಲ್ಲ ಗಂಧದ ಲೇಪದೊಳಗಿರುವ ವರಾಹ ನರಸಿಂಹಸ್ವಾಮಿಯ ನಿಜರೂಪವು ಅಕ್ಷಯ ತೃತೀಯೆಯ ಚಂದನೋತ್ಸವದಂದು ಮಾತ್ರ ಕಾಣಸಿಗುತ್ತದೆ. ಆ ದರ್ಶನಕ್ಕೆಂದು ನಮ್ಮ ಅಜ್ಜಿಯ ಇಳಕಲ್ ಸೀರೆಯೊಂದನ್ನು ಕತ್ತರಿಸಿ ಮಗಳಿಗೆ ಲಂಗ ಹೊಲಿಸಿದ್ದೆವು. ಉತ್ಸವದ ದಿನ ಎಲ್ಲರೂ ಮೆಚ್ಚಿದರು. ಎರಡು ಸಲ ಒಗೆಯುವಷ್ಟರಲ್ಲಿ ಒಳಗಿನ ಹೊಲಿಗೆ ಬಿಟ್ಟುಕೊಂಡು ಎಳೆಗಳು ಗೊಂಚಲು ಗೊಂಚಲಾಗಿ ಹೊರಬಂದುವು. "ಅಲ್ಲೋ ತಮ್ಮಾ, ಕತ್ತರಿ ಹಚ್ಚಿದ ಮ್ಯಾಲ ಅಂಚು ಕಟ್ಟಬೇಕು ಅಂತ ಯಾರಿಗೂ ಹೊಳೀಲಿಲ್ಲೇನು?" ಎಂದರು ನಮ್ಮ ತಾಯಿ. ಅಂದಿನಿಂದ ನಾವು ಈ ಅಂಚಿನ ಚರಿತ್ರೆಯ ಬೆನ್ನು ಹತ್ತಿದೆವು.

"ಹಾಸುಹೊಕ್ಕು" ಎಂದು ನಾವು ದಿನವೂ ಆಡುವ ಮಾತು ಮಗ್ಗದಿಂದ ಬಂದುದು. ಉದ್ದಕ್ಕೆ ಬಿಗಿದ ಎಳೆ ಹಾಸು. ಅಡ್ಡಕ್ಕೆ ಲಾಳಿಯೊಡನೆ ಓಡುವ ಎಳೆ ಹೊಕ್ಕು. ಲಾಳಿಯು ಬಟ್ಟೆಯ ಬದಿಗೆ ಹೋಗಿ ಮತ್ತೆ ತಿರುಗುವುದರಿಂದ ಎರಡು ಬದಿಯ ಅಂಚುಗಳು ತಾವಾಗಿಯೇ ಕಟ್ಟಿಕೊಳ್ಳುತ್ತವೆ. ಕತ್ತರಿ ಬಿದ್ದ ಕಡೆ ಎಳೆಗೆ ಹಿಡಿತವಿಲ್ಲ. ಅದು ಜಾರಿ ಹೋಗುತ್ತದೆ. ಸೀರೆ, ಧೋತರಗಳನ್ನು ಇಡಿಯಾಗಿ ಉಟ್ಟ ನಮ್ಮ ಹಿರಿಯರಿಗೆ ಈ ಚಿಂತೆ ಇದ್ದುದು ಬಟ್ಟೆಯ ಎರಡು ತುದಿಗಳಲ್ಲಿ ಮಾತ್ರ.

ಅದಕ್ಕೆ ಅವರು ಕಂಡುಕೊಂಡ ಉಪಾಯವೇ ಕುಚ್ಚು. ಸೆರಗಿನ ತುದಿಯಲ್ಲಿ ನೇಯದೆ ಉಳಿದ ಹಾಸಿನ ಎಳೆಗಳನ್ನು ಸಣ್ಣ ಸಣ್ಣ ಕಟ್ಟುಗಳಾಗಿ ವಿಂಗಡಿಸಿ, ಹೊಸೆದು, ಗಂಟು ಹಾಕಿದರೆ ಹೊಕ್ಕಿನ ಎಳೆ ಜಾರಲಾರದು. ಇಂದು ಬಣ್ಣದ ರೇಷ್ಮೆ, ಮಣಿ, ಕ್ರೋಶಾ ಎಂದು ಅಲಂಕಾರ ಬೆಳೆದಿದೆ. ಮೂಲದಲ್ಲಿ ಅದು ಕಾವಲು. ಕರ್ನಾಟಕದಲ್ಲಿ ಎಷ್ಟೋ ಗೃಹಿಣಿಯರು ಮನೆಯಲ್ಲೇ ಕುಚ್ಚು ಕಟ್ಟಿ ನಾಲ್ಕು ಕಾಸು ಸಂಪಾದಿಸುತ್ತಾರೆ.

ಇಳಕಲ್ಲಿನ ನೇಕಾರರ ಜಾಣ್ಮೆ ಇನ್ನೂ ಸೂಕ್ಷ್ಮ. ಅಲ್ಲಿ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಕುಣಿಕೆಗಳಿಂದ ಒಂದಕ್ಕೊಂದು ಸಿಕ್ಕಿಸಿ ನೇಯುತ್ತಾರೆ. ಕೂಡಿಸುವುದಕ್ಕೆ ಸೂಜಿ ಬೇಕಿಲ್ಲ. ಅದಕ್ಕಾಗಿಯೇ ಹಾಸನ್ನು ಒಂದೊಂದು ಸೀರೆಯ ಅಳತೆಗೆ ಪ್ರತ್ಯೇಕವಾಗಿ ಹೂಡಬೇಕಾಗುತ್ತದೆ. ಇಂಥ ಬಟ್ಟೆಗೆ ನಾವು ವಿಚಾರವಿಲ್ಲದೆ ಕತ್ತರಿ ಹಾಕಿದೆವಲ್ಲ!

ಹರಿದ ಬಟ್ಟೆಯನ್ನೂ ನಮ್ಮವರು ಬಿಟ್ಟವರಲ್ಲ. ಉತ್ತರ ಕರ್ನಾಟಕದ ಕೌದಿಯಲ್ಲಿ ಹಳೆಯ ಸೀರೆಗಳ ತುಂಡುಗಳ ಅಂಚನ್ನು ಒಳಕ್ಕೆ ಮಡಚಿ ಸಾಲು ಸಾಲಾಗಿ ಹೊಲಿಯುತ್ತಾರೆ. ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಹೆಂಗಸರು ಕೌದಿಯನ್ನು ಅಂಚಿನಿಂದ ಆರಂಭಿಸಿ ನಡುವಿಗೆ ಬರುತ್ತಾರೆ; ಮೂಲೆಗಳಿಗೆ ಹೂವಿನಂತೆ ಮಡಚಿದ ತುಂಡುಗಳನ್ನು ಇಡದೆ ಅವರ ಕೌದಿ ಪೂರ್ಣವಾಗದು.

ಕತ್ತರಿಸಿ ಹೊಲಿಯುವ ಉಡುಪು ಹೆಚ್ಚಿದಂತೆ ಅಂಚಿನ ಕೆಲಸವೂ ಹೆಚ್ಚಿತು. ಅಮೆರಿಕದಲ್ಲಿ 1846ರಲ್ಲಿ ಹೋವ್, 1851ರಲ್ಲಿ ಸಿಂಗರ್ ಹೊಲಿಗೆ ಯಂತ್ರಗಳಿಗೆ ಪೇಟೆಂಟ್ ಪಡೆದರು. ಆದರೂ ಅಂಚನ್ನು ಎರಡು ಮಡಿಕೆ ಮಾಡಿಯೋ ಕೈಯಿಂದ ಸುತ್ತಿ ಹೊಲಿದೋ ಭದ್ರಪಡಿಸಬೇಕಿತ್ತು. 1881ರಲ್ಲಿ ಅಲ್ಲಿಯ ಮೆರೋ ಕಂಪನಿಯಿಂದ ಅಂಚು ಸುತ್ತುವ ಯಂತ್ರ ಬಂದಿತು. ಇಂದಿನ ಓವರ್‌ಲಾಕ್ ಯಂತ್ರವು ಅಂಚನ್ನು ಸಮನಾಗಿ ಕತ್ತರಿಸುತ್ತ, ಅದೇ ಓಟದಲ್ಲಿ ದಾರಗಳನ್ನು ಸುತ್ತಿಬಿಡುತ್ತದೆ. ಪೇಟೆಯ ಅಂಗಿಯ ಒಳಮಗ್ಗುಲನ್ನು ತಿರುವಿ ನೋಡಿದವರಿಗೆ ಈ ಹೊಲಿಗೆ ಪರಿಚಿತ.

ನಮ್ಮ ಮನೆಯಲ್ಲಿ ಆ ಯಂತ್ರವಿಲ್ಲ. ತಾಯಿಯವರು ಕನ್ನಡಕ ಏರಿಸಿ ಕುಳಿತು, ಲಂಗದ ಹೊಲಿಗೆ ಬಿಚ್ಚಿ, ಎಳೆ ಬಿಟ್ಟ ಭಾಗವನ್ನು ಕತ್ತರಿಸಿ, ಅಂಚನ್ನು ಎರಡು ಸಲ ಮಡಚಿ ಹೊಲಿದರು. ಲಂಗ ನಾಲ್ಕು ಬೆರಳು ಕಿರಿದಾಯಿತು, ಆದರೆ ಉಳಿಯಿತು. ಮಿಕ್ಕ ಸೆರಗಿಗೆ ಕುಚ್ಚು ಕಟ್ಟುವುದನ್ನು ಮೊಮ್ಮಗಳಿಗೆ ಕಲಿಸಿದರು. ವಿಶಾಖಪಟ್ಟಣದಲ್ಲೇ ಹುಟ್ಟಿ, ಬೀದಿಯಲ್ಲಿ ತೆಲುಗಿನಲ್ಲಿ ಆಡುವ ಮಗು, ಹಾಸು, ಹೊಕ್ಕು, ಸೆರಗು, ಕುಣಿಕೆ ಎಂಬ ಮಾತುಗಳನ್ನು ಅಜ್ಜಿಯ ಬಾಯಿಂದ ಕೇಳಿದ್ದು ಅದೇ ಮೊದಲು.

ನಾಡಿನಿಂದ ದೂರ ಬಂದ ನಮ್ಮ ಮನೆಗಳಲ್ಲಿ ಮಾತೂ ಹೀಗೆಯೇ ಒಂದೊಂದು ಎಳೆಯಾಗಿ ಜಾರುತ್ತದೆ. ಈ ರಾಜ್ಯೋತ್ಸವದ ಸಂದರ್ಭದಲ್ಲಿ ಮನೆಯ ಹಿರಿಯರೊಬ್ಬರ ಪಕ್ಕದಲ್ಲಿ ಮಕ್ಕಳನ್ನು ಸೂಜಿದಾರದೊಡನೆ ಕೂರಿಸಿದರೆ ಎರಡು ಅಂಚುಗಳೂ ಒಮ್ಮೆಗೇ ಭದ್ರವಾದಾವೆಂದು ನಮ್ಮ ನಂಬಿಕೆ.