ಪೌರಾಧ್ಯಕ್ಷನ ಅಧಿಕಾರ: ಚಿತ್ರದುರ್ಗ ಸೀಮೆಯ ನಾಲ್ಕು ಪಟ್ಟಣಗಳನ್ನು ಕುರಿತು ಒಂದು ವಿಚಾರ

ನಗರದ ಆಡಳಿತವನ್ನು ಒಬ್ಬನ ಕೈಗೆ ಒಪ್ಪಿಸುವ ಯತ್ನವನ್ನು ಪೌರರು ವಿರೋಧಿಸಿದ ನಿದರ್ಶನಗಳು ಚರಿತ್ರೆಯಲ್ಲಿ ಹಲವಿವೆ. ಆ ವಿರೋಧದ ಆಧಾರವೇನು, ಮಿತಿಯೇನು ಎಂಬುದನ್ನು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಪಟ್ಟಣಗಳ ದೃಷ್ಟಿಯಿಂದ ಇಲ್ಲಿ ಪರಿಶೀಲಿಸುತ್ತೇವೆ.

ಸ್ಥಳೀಯ ಸಭೆಗಳ ಅಧ್ಯಕ್ಷರು ಸಾಧ್ಯವಾದಲ್ಲೆಲ್ಲ ಸರ್ಕಾರೇತರರಾಗಿರಬೇಕೆಂದು ಬ್ರಿಟಿಷ್ ಇಂಡಿಯಾದಲ್ಲಿ ಲಾರ್ಡ್ ರಿಪ್ಪನ್ 1882ರಲ್ಲಿಯೇ ನಿರ್ಣಯಿಸಿದ್ದನು. ಆದರೆ ಮೈಸೂರು ಸಂಸ್ಥಾನದಲ್ಲಿ ಜಿಲ್ಲಾ ಬೋರ್ಡಿನ ಅಧ್ಯಕ್ಷಪೀಠ ದೀರ್ಘಕಾಲ ಡೆಪ್ಯುಟಿ ಕಮಿಷನರದೇ ಆಗಿತ್ತು. 1959ರ ಕಾಯಿದೆ ಜಿಲ್ಲಾ ಬೋರ್ಡುಗಳನ್ನು ತೆಗೆದು ತಾಲ್ಲೂಕು ಬೋರ್ಡುಗಳನ್ನು ರಚಿಸಿದಾಗಲೂ ಜಿಲ್ಲಾ ಅಭಿವೃದ್ಧಿ ಪರಿಷತ್ತಿಗೆ ಆ ಅಧಿಕಾರಿಯೇ ಅಧ್ಯಕ್ಷನಾದನು.

ಮೇಲೆ ಹೇಳಿದ ನಾಲ್ಕು ಪಟ್ಟಣಗಳಿಗೂ ಅನ್ವಯಿಸುವುದು 1964ರ ಪುರಸಭೆಗಳ ಕಾಯಿದೆ. ಇದರಂತೆ ಅಧ್ಯಕ್ಷನನ್ನು ಆರಿಸುವವರು ಮತದಾರರಲ್ಲ, ಸಭೆಯೇ. ಒಟ್ಟು ಸದಸ್ಯರಲ್ಲಿ ಮೂರನೆಯ ಎರಡು ಭಾಗದವರು ಅವಿಶ್ವಾಸ ಸೂಚಿಸಿದರೆ ಅವನು ಪದವಿಯನ್ನು ಬಿಡಬೇಕು. ನಿತ್ಯದ ಕಾರ್ಯಭಾರ ಪೌರಾಯುಕ್ತನದು ಅಥವಾ ಮುಖ್ಯಾಧಿಕಾರಿಯದು. ಸಭೆಯ ನಿರ್ಣಯವನ್ನು ತಡೆಹಿಡಿಯುವ ಅಧಿಕಾರ ಜಿಲ್ಲಾಧಿಕಾರಿಗೆ ಉಂಟು. ಹೀಗೆ ಅಧ್ಯಕ್ಷನಿಗೆ ಗೌರವವಿದೆ, ಅಧಿಕಾರ ಅಲ್ಪ.

ಮತದಾರರೇ ನೇರವಾಗಿ ಆರಿಸಿದರೆ ಈ ಕುಂದು ನೀಗುವುದೆಂಬ ವಾದವುಂಟು. ಹೊಸದುರ್ಗದ ಮತದಾರರು 1962ರಲ್ಲಿ, ಅದಾಗಲೇ ಮುಖ್ಯಮಂತ್ರಿಗಳಾಗಿದ್ದ ಎಸ್. ನಿಜಲಿಂಗಪ್ಪನವರನ್ನೇ ವಿಧಾನಸಭೆಯ ಚುನಾವಣೆಯಲ್ಲಿ ಸೋಲಿಸಿದುದನ್ನು ನೆನೆದರೆ, ಇಲ್ಲಿಯ ಜನರಿಗೆ ಆ ವಿವೇಚನೆ ಇಲ್ಲವೆನ್ನಲಾಗದು. ಆದರೆ ಮತದಾರನ ಕೈಗೆ ಅವಕಾಶ ದೊರೆಯುವುದು ಹಲವು ವರ್ಷಗಳಿಗೊಮ್ಮೆ. ನಡುವಣ ಕಾಲದಲ್ಲಿ ಲೆಕ್ಕ ಕೇಳಬೇಕಾದದ್ದು ಸಭೆ. ಇಂಗ್ಲೆಂಡಿನಲ್ಲಿ ಈ ಪ್ರಶ್ನೆಯನ್ನು ಜನರ ಮುಂದೆಯೇ ಇಟ್ಟರು. 2012ರ ಮೇ ತಿಂಗಳಲ್ಲಿ ನೇರವಾಗಿ ಚುನಾಯಿತನಾದ ಮೇಯರು ಬೇಕೇ ಎಂದು ಹತ್ತು ನಗರಗಳನ್ನು ಕೇಳಲಾಗಿ, ಒಂಬತ್ತು ನಗರಗಳು ಬೇಡವೆಂದವು. ಒಪ್ಪಿದ ಬ್ರಿಸ್ಟಲ್ ಕೂಡ 2022ರಲ್ಲಿ ಮತ್ತೆ ಮತ ಹಾಕಿ ಆ ಪದವಿಯನ್ನು ನಿರಾಕರಿಸಿತು.

ಬೆಂಗಳೂರಿನ ವಿವಾದ ಇದಕ್ಕಿಂತ ಭಿನ್ನವಾದುದು. 2025ರಲ್ಲಿ ಜಾರಿಗೆ ಬಂದ ಗ್ರೇಟರ್ ಬೆಂಗಳೂರು ಆಡಳಿತ ಕಾಯಿದೆ ಮೇಯರರ ಅವಧಿಯನ್ನು ಮೂವತ್ತು ತಿಂಗಳೆಂದು ಗೊತ್ತುಮಾಡಿತು; ಆದರೆ ಎಲ್ಲಕ್ಕೂ ಮೇಲಾದ ಪ್ರಾಧಿಕಾರಕ್ಕೆ ಮುಖ್ಯಮಂತ್ರಿಯನ್ನು ಅಧ್ಯಕ್ಷನನ್ನಾಗಿ ಮಾಡಿತು. ಇದು ಸಂವಿಧಾನದ 74ನೆಯ ತಿದ್ದುಪಡಿಯ ಆಶಯಕ್ಕೆ ವಿರುದ್ಧವೆಂದು ನಾಗರಿಕರು ಆಕ್ಷೇಪಿಸಿದರು. ಅವರು ವಿರೋಧಿಸಿದ್ದು ಮೇಯರನ ಬಲವನ್ನಲ್ಲ. ನಗರದ ಅಧಿಕಾರ ನಗರದಿಂದ ಹೊರಗೆ ಹೋಗುವುದನ್ನು.

ಈ ಭೇದ ಸಣ್ಣ ಪಟ್ಟಣಗಳಿಗೆ ಮುಖ್ಯವಾದುದು. 2018ರ ಆಗಸ್ಟ್‌ನಲ್ಲಿ ಚುನಾವಣೆ ನಡೆದ ರಾಜ್ಯದ ನೂರಕ್ಕೂ ಹೆಚ್ಚು ಸ್ಥಳೀಯ ಸಂಸ್ಥೆಗಳಲ್ಲಿ, ಅಧ್ಯಕ್ಷಪದವಿಯ ಮೀಸಲಾತಿಯ ವ್ಯಾಜ್ಯದಿಂದ, ಸುಮಾರು ಎರಡು ವರ್ಷ ಅಧ್ಯಕ್ಷರ ಆಯ್ಕೆಯೇ ಆಗಲಿಲ್ಲ. ಗೆದ್ದ ಸದಸ್ಯರಿದ್ದರೂ ಆಡಳಿತ ಅಧಿಕಾರಿಗಳ ಕೈಯಲ್ಲಿಯೇ ಉಳಿಯಿತು. ಅಧ್ಯಕ್ಷನನ್ನು ದುರ್ಬಲಗೊಳಿಸಿದ ಮಾತ್ರಕ್ಕೆ ಪೌರನು ಪ್ರಬಲನಾಗನೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಆದುದರಿಂದ, ಅಧ್ಯಕ್ಷನಿಗೆ ಎಷ್ಟು ಅಧಿಕಾರ ಎಂಬುದಕ್ಕಿಂತ ಅವನು ಯಾರಿಗೆ ಉತ್ತರ ಹೇಳಬೇಕು ಎಂಬ ಪ್ರಶ್ನೆಯೇ ಮೊದಲನೆಯದೆಂದು ನಾವು ಭಾವಿಸುತ್ತೇವೆ. ಸಭೆಗೆ ಉತ್ತರ ಹೇಳುವ ಬಲಿಷ್ಠ ಅಧ್ಯಕ್ಷನಿಂದ ಪಟ್ಟಣಕ್ಕೆ ಅಪಾಯವಿಲ್ಲ. ಯಾರಿಗೂ ಉತ್ತರ ಹೇಳಬೇಕಾಗಿಲ್ಲದವನಿಂದ, ಅವನು ಚುನಾಯಿತನಾಗಲಿ ಅಧಿಕಾರಿಯಾಗಲಿ, ಅಪಾಯ ತಪ್ಪದು.