ಪೊದುಪಿನ ಲೆಕ್ಕ

ಮನೇಲಿ ಕನ್ನಡ ಆಡೋ ನಮ್ಮ ಮಡಕಶಿರಾ ಸೀಮೆಯ ಹೆಂಗಸರೂ ಸಂಘದ ಉಳಿತಾಯಕ್ಕೆ ತೆಲುಗಿನ ‘ಪೊದುಪು’ ಅನ್ನೋ ಮಾತನ್ನೇ ಬಳಸುತ್ತಾರೆ. ಆ ಮಾತಿನ ಹಿಂದೆ ನೆಲ್ಲೂರು ಜಿಲ್ಲೆಯ ಕಥೆಯಿದೆ. 1992ರಲ್ಲಿ ಅಲ್ಲಿನ ದೂಬಗುಂಟದ ಹೆಂಗಸರು ಸಾರಾಯಿ ಅಂಗಡಿ ಮುಚ್ಚಿಸಿದರು. ಮರುವರ್ಷ ರಾಜ್ಯದಲ್ಲೇ ಸಾರಾಯಿ ನಿಂತಿತು. ಅದರ ಬೆನ್ನಿಗೇ ದಿನಕ್ಕೊಂದು ರೂಪಾಯಿ ಕೂಡಿಡುವ ‘ಪೊದುಪು ಲಕ್ಷ್ಮಿ’ ಸಂಘಗಳು ಎದ್ದವು. ಮೊದಲು ತಮ್ಮ ದುಡ್ಡು, ಆಮೇಲೆ ಸಾಲ. ಈ ಕ್ರಮವೇ ದೊಡ್ಡದೆಂದು ನನ್ನ ಎಣಿಕೆ.

ಮುಂದೆ ಬಂದ ಮೈಕ್ರೋಫೈನಾನ್ಸ್ ಕಂಪನಿಗಳೂ ಹೆಂಗಸರ ಗುಂಪನ್ನೇ ಕಟ್ಟಿದವು. ಆದರೆ ಅಲ್ಲಿ ಉಳಿತಾಯ ಇಲ್ಲ, ಬರೀ ಸಾಲ, ವಾರವಾರ ಕಂತು. ಒಬ್ಬಳು ತಪ್ಪಿದರೆ ಉಳಿದವರು ಕಟ್ಟಬೇಕು. ಅಡವಿಗೆ ಒಡವೆ ಕೇಳಲಿಲ್ಲ ನಿಜ, ಮಾನವನ್ನೇ ಇಡಿಸಿಕೊಂಡರು. ವಸೂಲಿಗೆ ಪಕ್ಕದ ಮನೆಯಾಕೆಯೇ ಬಾಗಿಲಲ್ಲಿ ನಿಲ್ಲಬೇಕಾಯ್ತು. ಒಂದರ ಕಂತಿಗೆ ಇನ್ನೊಂದು ಕಂಪನಿಯ ಸಾಲ. ಆತ್ಮಹತ್ಯೆಗಳ ಸುದ್ದಿ ಹೆಚ್ಚಾಗಿ, 2010ರ ಅಕ್ಟೋಬರಿನಲ್ಲಿ ಆಂಧ್ರ ಸರ್ಕಾರ ಸುಗ್ರೀವಾಜ್ಞೆ ತಂದಿತು. ಕಂಪನಿಗಳು ನೋಂದಣಿ ಆಗಬೇಕು, ಕಂತು ತಿಂಗಳಿಗೊಮ್ಮೆ, ವಸೂಲಿ ಮನೆ ಬಾಗಿಲಲ್ಲಲ್ಲ, ಪಂಚಾಯಿತಿ ಕಚೇರಿಯಲ್ಲಿ.

ವಸೂಲಿ ಕುಸಿಯಿತು, ಕಂಪನಿಗಳ ಹೊಸ ಸಾಲವೂ ನಿಂತಿತು. ದುಡ್ಡಿನ ಅಡಚಣೆ ಮಾತ್ರ ನಿಲ್ಲಲಿಲ್ಲ. ಪೊದುಪಿನ ಪುಸ್ತಕ ಸರಿಯಾಗಿ ಇಟ್ಟಿದ್ದ ಸಂಘದವರಿಗೆ ಬ್ಯಾಂಕಿತ್ತು. ಇಲ್ಲದವರು ಮತ್ತೆ ಬಡ್ಡಿ ಸಾಹುಕಾರನ ಜಗುಲಿ ಹತ್ತಿದರು.